ದಾರಕ್ಕೆ ಮೊದಲು ಲೆಕ್ಕ: ಹಂಪಾಪುರದಲ್ಲಿ ಒಂದು ಬೆಲ್ಟಿನ ಮುಂದೆ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು ಹೆಗ್ಗಡದೇವನಕೋಟೆಗೆ ಹೊರಟರೆ ಹಂಪಾಪುರ ದಾರಿಯಲ್ಲೇ ಸಿಗುತ್ತದೆ. ಹೋಬಳಿ ಕೇಂದ್ರ. ಕಬಿನಿ ಹಿನ್ನೀರು, ನಾಗರಹೊಳೆ ಕಾಡು ಎಂದು ಹೊರಟ ಕಾರುಗಳು ಇಲ್ಲಿ ವೇಗ ತಗ್ಗಿಸಿ, ಹಂಪು ದಾಟಿ, ಮುಂದಕ್ಕೆ ಹೋಗಿಬಿಡುತ್ತವೆ. ಇಳಿಯುವವರೆಲ್ಲ ಸುತ್ತಲ ಹಳ್ಳಿಯವರು. ಹತ್ತಿ, ಹೊಗೆಸೊಪ್ಪು, ರಾಗಿ, ಈಚೆಗೆ ಶುಂಠಿ ಬೆಳೆಯುವ ಸೀಮೆ ಇದು. ಅಂಗಡಿಗಳೂ ಅದಕ್ಕೆ ತಕ್ಕಂತೆಯೇ ಇವೆ: ಗೊಬ್ಬರ, ಔಷಧಿ, ಹಗ್ಗ, ಟಾರ್ಪಾಲು, ಪಂಪಿನ ಬಿಡಿಭಾಗ. ಇವುಗಳ ನಡುವೆ ತಗಡಿನ ನೆರಳಿನಲ್ಲಿ, ನೆಲಕ್ಕೆ ಗೋಣಿತಾಟು ಹಾಸಿ ಕೂತು ಚರ್ಮದ ಬೆಲ್ಟಿನ ಮೇಲೆ ಹೂಬಳ್ಳಿ ಹೊಲಿಯುವ ಹಿರಿಯರೊಬ್ಬರನ್ನು ನೋಡಲೆಂದೇ ನಾನು ಬಸ್ಸಿಳಿದದ್ದು. ಹೆಸರು ಹಾಕುವುದು ಬೇಡ ಅಂದರು. ಊರಿನವರು ಕರೆಯುವಂತೆ ನಾನೂ ಯಜಮಾನರು ಎಂದೇ ಬರೆಯುತ್ತೇನೆ.

ನಾನು ಹೋದಾಗ ಅವರ ಕೈಯಲ್ಲಿ ಸೂಜಿಯಿರಲಿಲ್ಲ, ದಾರವೂ ಇರಲಿಲ್ಲ. ಮುಂದೆ ಒಂದೂವರೆ ಇಂಚು ಅಗಲದ ಕಂದು ತೊಗಲಿನ ಪಟ್ಟಿ ಹರಡಿಕೊಂಡಿತ್ತು. ಪಕ್ಕದಲ್ಲಿ ಮರದ ಸ್ಕೇಲು, ಕೈವಾರ, ನೀರಿನ ಬಟ್ಟಲಲ್ಲಿ ಅದ್ದಿಟ್ಟ ಸ್ಪಂಜಿನ ಚೂರು. ಹೊಲಿಗೆ ಯಾವಾಗ ಶುರು ಎಂದು ಕೇಳಿದೆ.

“ದಾರ ಆಮೇಕೆ ಕನಪ್ಪ. ಮೊದ್ಲು ಲೆಕ್ಕ. ಲೆಕ್ಕ ತಪ್ಪುದ್ರೆ ಎಂಥಾ ಕೈಯಾದ್ರೂ ಏನ್ ಮಾಡಾದು?”

ಅಲಂಕಾರದ ಹೊಲಿಗೆಯೆಂದರೆ ಕೈಚಳಕ ಎಂದೇ ನಾವು ತಿಳಿದಿದ್ದೇವೆ. ಒಂದೇ ಸಮನಾದ ಹೊಲಿಗೆ ಕಂಡರೆ ಎಷ್ಟು ಚೆನ್ನಾಗಿ ಹೊಲಿದಿದ್ದಾರೆ ಎನ್ನುತ್ತೇವೆ. ಆ ಬೆಲ್ಟಿನ ಮುಂದೆ ಕೂತ ಹೊತ್ತಿನಲ್ಲಿ ನನಗೆ ಮನವರಿಕೆಯಾದದ್ದು ಬೇರೆ. ಚೆಲುವೆಲ್ಲ ತೀರ್ಮಾನವಾಗುವುದು ತೊಗಲಿಗೆ ಸೂಜಿ ಇಳಿಯುವ ಮುನ್ನ. ಹೂವು ಎಲ್ಲಿ ಕೂರಬೇಕು, ಎಷ್ಟು ಕೂರಬೇಕು, ಎಲೆಯ ತುದಿಗೆ ತೂತು ಬೀಳುತ್ತದೋ ಇಲ್ಲವೋ, ಬಳ್ಳಿ ಬಳ್ಳಿಯನ್ನು ದಾಟುವ ಜಾಗದಲ್ಲಿ ಏನಾಗಬೇಕು ಎಂಬುದೆಲ್ಲ ಗೆರೆ ಎಳೆಯುವಾಗಲೇ ಮುಗಿದಿರುತ್ತದೆ. ಅರ್ಧ ದಿನ ಹಿಡಿಯುವ ಆ ಕೆಲಸಕ್ಕೆ ಸಂತೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ.

ಅಳತೆಗೆ ಅವರು ಬಳಸುವುದು ಬಡಗಿಗಳ ನೂಲು. ಇಂಚಿಗೆ ಎಂಟು ನೂಲು. ಸೆಂಟಿಮೀಟರು ಗೊತ್ತಿಲ್ಲವೆಂದಲ್ಲ, ಸ್ಕೇಲಿನ ಇನ್ನೊಂದು ಅಂಚಿನಲ್ಲಿ ಅದೂ ಇದೆ. ಆದರೆ ಈ ಕೆಲಸಕ್ಕೆ ನೂಲು ಚೆನ್ನಾಗಿ ಹೊಂದುತ್ತದೆ. ಒಂದು ನೂಲಿಗೆ ಒಂದು ತೂತು, ಅಂದರೆ ಇಂಚಿಗೆ ಎಂಟು ಹೊಲಿಗೆ. ಅಂಚಿನಿಂದ ಒಂದು ನೂಲು ಒಳಕ್ಕೆ ಹೊಲಿಗೆಯ ಸಾಲು. ಒಂದೂವರೆ ಇಂಚಿನ ಬೆಲ್ಟು ಹನ್ನೆರಡು ನೂಲು ಅಗಲ. ಎರಡು ಅಂಚಿಗೆ ಎರಡು ನೂಲು ಹೋದರೆ ಉಳಿದದ್ದು ಹತ್ತು. ಅಂಚಿನ ಸಾಲಿಗೆ ಹೂವು ತಾಗಬಾರದು, ಮೇಲೆ ಕೆಳಗೆ ಒಂದೂವರೆ ನೂಲು ಖಾಲಿ ಬಿಡಬೇಕು. ಕಡೆಗೆ ಹೂವಿಗೆ ಸಿಗುವ ಎತ್ತರ ಏಳು ನೂಲು, ಒಂದು ಇಂಚಿಗೂ ಕಡಿಮೆ. ಅಷ್ಟರಲ್ಲೇ ಹೂವು, ಎಲೆ, ಬಳ್ಳಿ ಎಲ್ಲ ಅಡಗಬೇಕು.

ಉದ್ದದ ಲೆಕ್ಕ ಇದಕ್ಕಿಂತ ಸೊಗಸಾದದ್ದು. ಬೆಲ್ಟಿಗೆ ಐದು ತೂತು, ಒಂದೊಂದು ಇಂಚು ದೂರದಲ್ಲಿ. ತೊಡುವವರ ಅಳತೆ ಬೀಳಬೇಕಾದದ್ದು ನಡುವಿನ ತೂತಿಗೆ. ಬಕಲ್ಲಿನ ಮಡಿಕೆಯಿಂದ ನಡುವಿನ ತೂತಿನವರೆಗೆ 36 ಇಂಚು ಎಂದಿಟ್ಟುಕೊಳ್ಳಿ. ಬಕಲ್ಲಿನ ಹತ್ತಿರ ತೊಗಲು ಹಿಂದಕ್ಕೆ ಮಡಿಸಿಕೊಂಡಿರುತ್ತದೆ, ಲೂಪು ಇರುತ್ತದೆ. ಅಲ್ಲಿ ಹೂವು ಹೊಲಿದರೆ ಕಾಣುವುದಿಲ್ಲ, ಜೊತೆಗೆ ಎರಡು ಪದರ ದಪ್ಪಕ್ಕೆ ಸೂಜಿ ಒದ್ದಾಡುತ್ತದೆ. ತೂತುಗಳ ಕಡೆಯೂ ಅಷ್ಟೇ: ದಿನವೂ ಬಕಲ್ಲಿನೊಳಗೆ ಎಳೆದಾಡುವ ಭಾಗಕ್ಕೆ ಹೊಲಿಗೆ ಹಾಕಿದರೆ ಆರು ತಿಂಗಳಲ್ಲಿ ದಾರ ಸವೆದು ಹೂವು ಬಿಚ್ಚಿಕೊಳ್ಳುತ್ತದೆ. ಹೀಗಾಗಿ ಎರಡೂ ಕಡೆ ಜಾಗ ಬಿಡಲೇಬೇಕು.

ಬಕಲ್ಲಿನ ಕಡೆ ಎಷ್ಟು ಬಿಟ್ಟರೋ ನಡುವಿನ ತೂತಿನಿಂದ ಹಿಂದಕ್ಕೂ ಅಷ್ಟೇ ಬಿಡುವುದು ಯಜಮಾನರ ನಿಯಮ. ಅವರ ಅಳತೆಯಲ್ಲಿ ಅದು ನಾಲ್ಕೂವರೆ ಇಂಚು. 36ರಲ್ಲಿ 9 ಕಳೆದರೆ ಹೂಬಳ್ಳಿಗೆ ಉಳಿಯುವುದು 27 ಇಂಚು. ಎರಡೂ ಕಡೆ ಸಮನಾಗಿ ಬಿಟ್ಟಿದ್ದರಿಂದ ಬಳ್ಳಿಯ ನಟ್ಟನಡುವು ಬಕಲ್ಲಿನಿಂದ ಸರಿಯಾಗಿ 18 ಇಂಚಿಗೆ ಬೀಳುತ್ತದೆ. ಬೆಲ್ಟು ತೊಟ್ಟಾಗ ಆ ಜಾಗ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಆದ್ದರಿಂದ ಹೂವಿನ ಸಂಖ್ಯೆ ಬೆಸವಾಗಿರಬೇಕು. ಒಂಬತ್ತು ಹೂವಾದರೆ ಐದನೆಯದು ಬೆನ್ನ ನಡುವೆ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಎಂಟಾದರೆ ಬೆನ್ನ ನಡುವೆ ಬರುವುದು ಬರಿ ಸಂದು.

ಇನ್ನು ಹಂಚಿಕೆ. ಒಂದು ಹೂವು ಎರಡು ಇಂಚು ಉದ್ದ. ಒಂಬತ್ತು ಹೂವಿಗೆ 18 ಇಂಚು. 27ರಲ್ಲಿ ಉಳಿದದ್ದು 9 ಇಂಚು, ಸಂದುಗಳು ಎಂಟು. ಒಂದೊಂದು ಸಂದಿಗೆ ಒಂದು ಇಂಚು ಒಂದು ನೂಲು. ಅದೇ ಬೆಲ್ಟು 35ರ ಅಳತೆಯದಾಗಿದ್ದರೆ ಬಳ್ಳಿಗೆ ಸಿಗುವುದು 26 ಇಂಚು, ಸಂದು ಒಂದೊಂದೂ ಸರಿಯಾಗಿ ಒಂದು ಇಂಚು. ಹೂವು ಮಾತ್ರ ಬದಲಾಗುವುದಿಲ್ಲ. ಅದರ ಅಚ್ಚು ಒಂದೇ, ಅದನ್ನು ಹಿಗ್ಗಿಸಲೂ ಆಗದು ಕುಗ್ಗಿಸಲೂ ಆಗದು. ಹಿಗ್ಗುವುದು, ಕುಗ್ಗುವುದು ನಡುವಿನ ಬಳ್ಳಿ. ಹೆಚ್ಚು ಕಡಿಮೆಯೆಲ್ಲವನ್ನೂ ಕಣ್ಣಿಗೆ ಬೀಳದಂತೆ ಬಳ್ಳಿಯೇ ನುಂಗಿಕೊಳ್ಳುತ್ತದೆ. ಸ್ಲೇಟಿಲ್ಲ, ಕ್ಯಾಲ್ಕುಲೇಟರಿಲ್ಲ. ಯಜಮಾನರು ಇದನ್ನು ಬಾಯಿಲೆಕ್ಕದಲ್ಲೇ ಮುಗಿಸಿ, ಕೈವಾರವನ್ನು ಒಂದು ಇಂಚು ಒಂದು ನೂಲಿಗೆ ಅಗಲಿಸಿ, ಹೂವಿಗೆ ಎರಡೆರಡು ಇಂಚು ಬಿಡುತ್ತ ಪಟ್ಟಿಯ ಮೇಲೆ ನಡೆಸಿದರು. ಕೊನೆಯ ಹೂವಿನ ತುದಿ 27ನೆಯ ಇಂಚಿನ ಗುರುತಿಗೇ ಬಂದು ನಿಂತಿತು.

ಅಂಗಡಿಯಲ್ಲಿ ಸಿಗುವ ಬೆಲ್ಟುಗಳನ್ನು ಒಮ್ಮೆ ತಿರುಗಿಸಿ ನೋಡಿ. ನಕ್ಷೆ ಹೊಲಿದ ಬೆಲ್ಟಾದರೆ ಬಹುಪಾಲು ತುದಿಯಲ್ಲಿ ಅರ್ಧ ಹೂವು ತುಂಡಾಗಿ ನಿಂತಿರುತ್ತದೆ. ಉದ್ದನೆಯ ತೊಗಲಿಗೆ ಯಂತ್ರ ಒಂದೇ ಸಮನೆ ಹೊಲಿದುಕೊಂಡು ಹೋಗುತ್ತದೆ. ಆಮೇಲೆ ಅಳತೆಗೆ ಕತ್ತರಿಸುತ್ತಾರೆ. ಕಂಪ್ಯೂಟರು ಜೋಡಿಸಿದ ಹೊಲಿಗೆ ಯಂತ್ರ ನಕ್ಷೆಯನ್ನು ತಪ್ಪಿಲ್ಲದೆ ಹೊಲಿಯುತ್ತದೆ, ಆ ಮಾತು ನಿಜ. ಆದರೆ ತೊಡುವವರ ಬೆನ್ನಿನ ನಡುವೆ ಹೂವು ಕೂರಿಸುವುದಕ್ಕೆ ಆ ಒಬ್ಬರ ಅಳತೆ ಬೇಕು. ಸಾವಿರ ಬೆಲ್ಟನ್ನು ಒಟ್ಟಿಗೆ ಕತ್ತರಿಸುವ ಕಡೆ ಅದು ಸಾಧ್ಯವಿಲ್ಲ.

ಲೆಕ್ಕವಾದ ಮೇಲೆ ಗುರುತು. ಅಚ್ಚು ಮಾಡಿಟ್ಟುಕೊಂಡಿರುವುದು ಹಳೆಯ ಎಕ್ಸ್‌ರೇ ಹಾಳೆಯಲ್ಲಿ. ರಟ್ಟಾದರೆ ಒದ್ದೆ ತೊಗಲಿನ ಮೇಲಿಟ್ಟು ನಾಲ್ಕು ಸಲ ಒತ್ತುವುದರಲ್ಲಿ ಮೆತ್ತಗಾಗಿ ಹೂವಿನ ಆಕಾರ ಕೆಡುತ್ತದೆ. ಎಕ್ಸ್‌ರೇ ಹಾಳೆ ಕೆಡುವುದಿಲ್ಲ, ಕೆಳಗಿನ ಗೆರೆಯೂ ಕಾಣುತ್ತದೆ. ಹಾಳೆಯ ತುಂಬ ಸೂಜಿ ಚುಚ್ಚಿದ ತೂತುಗಳು, ಗೆರೆ ಒಂದೂ ಇಲ್ಲ. ಬೆಳಕಿಗೆ ಹಿಡಿದಾಗ ಆ ಚುಕ್ಕಿಗಳಲ್ಲಿ ಮಾವಿನಕಾಯಿ, ಜೋಡೆಲೆ, ನಾಗಮುರಿ ಕಾಣಿಸಿದವು, ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ಸೇರಿಸದೆ ಬಿಟ್ಟ ರಂಗೋಲಿಯ ಹಾಗೆ.

ಸ್ಪಂಜಿನಿಂದ ತೊಗಲನ್ನು ಒರೆಸಬೇಕು, ತೊಯ್ಯಿಸಬಾರದು. ತೇವ ಒಳಕ್ಕಿಳಿದು ಮೇಲಿನ ಬಣ್ಣ ಮತ್ತೆ ತಿಳಿಯಾಗುವ ಹೊತ್ತಿಗೆ ಅಚ್ಚನ್ನಿಟ್ಟು, ಚುಕ್ಕಿ ಚುಕ್ಕಿಗೂ ಮೊಂಡು ಮೊನೆಯಿಂದ ಒತ್ತುತ್ತಾರೆ. ಪೆನ್ನು, ಇಂಕು ಹತ್ತಿರ ಸುಳಿಯುವಂತಿಲ್ಲ, ತೊಗಲಿಗೆ ಹತ್ತಿದ ಇಂಕು ಮತ್ತೆ ಬಿಡುವುದಿಲ್ಲ. ಮರದ ತೊಗಟೆಯಲ್ಲಿ ಹದ ಮಾಡಿದ ತೊಗಲು ತೇವದಲ್ಲಿ ಒತ್ತಿದ ಗುರುತನ್ನು ಒಣಗಿದ ಮೇಲೂ ಹಿಡಿದಿಟ್ಟುಕೊಳ್ಳುತ್ತದೆ. ಕ್ರೋಮು ಹಾಕಿ ಹದ ಮಾಡಿದ ಮೆತ್ತನೆ ತೊಗಲು ಹಿಡಿಯುವುದಿಲ್ಲ, ರಬ್ಬರಿನಂತೆ ಮೇಲೆದ್ದುಬಿಡುತ್ತದೆ. ಕ್ರೋಮು ತೊಗಲು ತಂದುಕೊಟ್ಟು ಹೂವು ಹೊಲಿದುಕೊಡಿ ಎನ್ನುವ ಗಿರಾಕಿಗಳಿಗೆ ಅವರು ಒಲ್ಲೆ ಎನ್ನುವುದು ಇದಕ್ಕೇ.

ಮೊದಲು ಒತ್ತುವುದು ಮುಖ್ಯ ಚುಕ್ಕಿಗಳನ್ನು: ಎಲೆಯ ತುದಿ, ಬಳ್ಳಿಯ ತಿರುವಿನ ನೆತ್ತಿ, ಎರಡು ಗೆರೆ ಸೇರುವ ಜಾಗ. ಎಲೆಯ ತುದಿಯಲ್ಲಿ ತೂತು ಇರಲೇಬೇಕು. ತುದಿಯ ಆಚೀಚೆ ಒಂದೊಂದು ತೂತು ಬಿದ್ದು ತುದಿ ಖಾಲಿ ಉಳಿದರೆ ಎಲೆ ಮೊಂಡಾಗುತ್ತದೆ. ಮುಖ್ಯ ಚುಕ್ಕಿಗಳ ನಡುವಿನ ದೂರವನ್ನು ಆಮೇಲೆ ಕೈವಾರದಲ್ಲಿ ಸಮನಾಗಿ ಪಾಲು ಮಾಡುತ್ತಾರೆ. ಪಾಲು ಸರಿಹೋಗದಿದ್ದರೆ ಕೊನೆಯ ಒಂದೇ ತೂತಿನ ಮೇಲೆ ಹೆಚ್ಚು ಕಡಿಮೆಯನ್ನೆಲ್ಲ ಹೇರದೆ, ಹತ್ತು ತೂತಿಗೆ ಕೂದಲೆಳೆಯಷ್ಟು ಹಂಚುತ್ತಾರೆ. ಕಡಿದಾದ ತಿರುವಿನಲ್ಲಿ ತೂತುಗಳು ಒತ್ತಾಗಬೇಕು, ಇಲ್ಲವಾದರೆ ದುಂಡು ಹೋಗಿ ಮೂಲೆ ಮೂಲೆಯಾಗುತ್ತದೆ. ಆದರೆ ಬಹಳ ಒತ್ತಾದರೆ ಅಂಚೆಚೀಟಿಯ ಅಂಚಿನಂತೆ ತೊಗಲು ಅಲ್ಲಿಂದಲೇ ಹರಿಯುತ್ತದೆ. ಎರಡರ ನಡುವಿನ ಹದ ಬೆರಳಿಗೆ ಗೊತ್ತಿರುತ್ತದೆ.

ಬಳ್ಳಿ ಬಳ್ಳಿಯನ್ನು ದಾಟುವಲ್ಲಿ ಎರಡಕ್ಕೂ ಒಂದೇ ತೂತು ಮಾಡುವಂತಿಲ್ಲ. ನಾಲ್ಕು ಎಳೆ ಒಂದೇ ತೂತಿನಲ್ಲಿ ತುರುಕಿಕೊಂಡರೆ ತೊಗಲು ಉಬ್ಬುತ್ತದೆ, ಬಲ ಕಳೆದುಕೊಳ್ಳುತ್ತದೆ. ಕೆಳಗಿನ ಬಳ್ಳಿಯ ಎರಡು ತೂತುಗಳ ನಡುವಿನ ಹೊಲಿಗೆಯ ಮೇಲೆ ಮೇಲಿನ ಬಳ್ಳಿಯ ಹೊಲಿಗೆ ಹಾದುಹೋಗಬೇಕು. ಆಗ ಒಂದರ ಮೇಲೊಂದು ನಿಜವಾಗಿಯೂ ಹೆಣೆದುಕೊಂಡಂತೆ ಕಾಣುತ್ತದೆ. ಇದನ್ನು ಅಚ್ಚು ಕೊರೆಯುವ ದಿನವೇ ಯೋಚಿಸಿರಬೇಕು.

ನಾನು ಬಹಳ ಹೊತ್ತು ನೋಡಿದ್ದು ಇನ್ನೊಂದು ಸೂಕ್ಷ್ಮವನ್ನು. ಅಂಚಿನ ನೇರ ಸಾಲಿಗೆ ಬಳಸುವ ಉಳಿಯ ಮೊನೆ ಚಪ್ಪಟೆ. ಅದು ತೊಗಲಿನಲ್ಲಿ ಓರೆಯಾದ ಸೀಳು ಮಾಡುತ್ತದೆ, ಹೊಲಿಗೆಯೂ ಓರೆಯಾಗಿ ಒರಗಿಕೊಳ್ಳುತ್ತದೆ. ನೇರ ಸಾಲಿಗೆ ಅದೇ ಚಂದ. ಅದೇ ಉಳಿಯನ್ನು ಎಲೆಗೆ ಬಳಸಿದರೆ ಗೆರೆ ಬಾಗಿದಂತೆ ಉಳಿಯೂ ತಿರುಗಬೇಕು. ಅಚ್ಚನ್ನು ಮಗುಚಿ ಬಲದ ಎಲೆಯನ್ನು ಎಡಕ್ಕೆ ಮೂಡಿಸಿದಾಗ ಆಕಾರವೇನೋ ಮಗುಚಿಕೊಳ್ಳುತ್ತದೆ, ಹೊಲಿಗೆಯ ಒರಗು ಮಗುಚಿಕೊಳ್ಳುವುದಿಲ್ಲ. ಒಂದು ಎಲೆ ಹುರಿಯಂತೆ ಬಿಗಿದು ಕಂಡರೆ ಅದರ ಜೋಡಿ ಹಲ್ಲು ಹಲ್ಲಾಗಿ ಕಾಣುತ್ತದೆ. ಅದಕ್ಕೇ ಹೂವಿಗೆ ದುಂಡು ಮೊನೆಯ ಉಳಿ, ಅಂಚಿಗೆ ಚಪ್ಪಟೆ ಉಳಿ. “ಎರಡು ಎಲೆನೂ ಅಣ್ಣ ತಮ್ಮನಂಗಿರ್ಬೇಕು. ಒಂದ್ ಕಂಡ್ರೆ ಇನ್ನೊಂದ್ ಗೊತ್ತಾಗ್ಬೇಕು” ಎಂದು ಯಜಮಾನರು ಎರಡು ಉಳಿಗಳನ್ನೂ ನನ್ನ ಅಂಗೈಯಲ್ಲಿಟ್ಟರು. ಹಿಡಿಗಳು ಬೆವರಿನಿಂದ ನುಣುಪಾಗಿ ಕರಿಯ ಹೊಳಪು ಬಂದಿದ್ದವು.

ಅವರ ಮುಂದಿದ್ದ ಹತಾರಗಳು ಬಹಳವೇನಲ್ಲ. ತೊಗಲು ಹೆರೆಯಲು ರಂಪಿಗೆ, ಕತ್ತಿ, ಉಳಿಗಳು, ಕುಟ್ಟಲು ಮರದ ಕೊಡತಿ, ಕೆಳಗೆ ಇಡುವ ಅಡಿಮರ, ಜೇನುಮೇಣದ ಉಂಡೆ. ಬಸವಣ್ಣನವರು ತಂದೆಯ ಸಮಾನ ಎಂದು ಕಂಡ ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲೇ ಈ ಹತಾರಗಳಿವೆ: ಕೈಯುಳಿ, ಕತ್ತಿ, ಅಡಿಗೂಟ. ಬೇರೆ ಹಲವು ವಚನಕಾರರ ಅಂಕಿತಗಳಲ್ಲಿ ಊರ ದೇವರ ಹೆಸರಿದ್ದರೆ ಆತನದರಲ್ಲಿ ಕೆಲಸದ ಮುಟ್ಟುಗಳಿವೆ. ಈ ಕಸುಬಿನ ಹಿರಿತನ ಹೇಳಲು ನನಗೆ ಬೇರೆ ಸಾಕ್ಷಿ ಬೇಕೆನಿಸಲಿಲ್ಲ. ಇಷ್ಟು ಹಿರಿಯ ಕಸುಬಿನವರ ಕೈಯ ನೀರು ಕುಡಿಯಲು ಒಲ್ಲೆವೆಂದ ಊರುಗಳೇ ಅವರು ಹೊಲಿದ ಪಟ್ಟಿಯನ್ನು ಎತ್ತಿನ ಕೊರಳಿಗೆ ಕಟ್ಟಿ ಜಾತ್ರೆಯಲ್ಲಿ ಮೆರೆದವು. ಈ ಸೀಮೆಯಲ್ಲಿ ತೊಗಲಿನ ಕೆಲಸದ ಬಗ್ಗೆ ಬರೆಯುವವರು ಆ ಮಾತನ್ನು ಬಿಟ್ಟು ಬರೆಯಬಾರದು.

ತೊಗಲು ಎಲ್ಲಿಂದ ಎಂದು ಕೇಳಿದೆ. ಈಗೆಲ್ಲ ತಮಿಳುನಾಡಿನ ಈರೋಡಿನ ಕಡೆಯಿಂದ, ಹದ ಮಾಡಿಯೇ ಬರುತ್ತದೆ ಎಂದರು. ಅವರ ಅಪ್ಪನ ಕಾಲಕ್ಕೆ ಹಾಗಿರಲಿಲ್ಲ. ಸುಣ್ಣದ ಗುಂಡಿಯಲ್ಲಿ ಹಾಕಿ ಕೂದಲು ಬಿಡಿಸಿ, ಹೆರೆದು, ತಂಗಡಿ ಚಕ್ಕೆಯ ಕಷಾಯದಲ್ಲಿ ವಾರಗಟ್ಟಲೆ ನೆನೆಸಿ, ಅಳಲೆಕಾಯಿಯ ನೀರಿನಲ್ಲಿ ಅದ್ದಿ, ಊರಲ್ಲೇ ಹದ ಮಾಡುತ್ತಿದ್ದರು. ಕೆಲವರು ಆವರಿಕೆ ಎನ್ನುವ ಆ ಹಳದಿ ಹೂವಿನ ತಂಗಡಿ ಗಿಡ ಹಳೆ ಮೈಸೂರು ಸೀಮೆಯ ಒಣ ಬಯಲುಗಳಲ್ಲಿ ಈಗಲೂ ಧಾರಾಳ. ಚಕ್ಕೆ ಕೀಳುವವರು ಮಾತ್ರ ಇಲ್ಲ.

ಇಲ್ಲಿ ಹುಣಸೂರಿನ ಮಾತು ಬರಲೇಬೇಕು. ಲಕ್ಷ್ಮಣತೀರ್ಥದ ದಂಡೆಯ ಆ ಊರು 19ನೆಯ ಶತಮಾನದ ಮೊದಲ ಭಾಗದಲ್ಲಿ ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಕಂಪನಿ ಸರ್ಕಾರದ ಸೈನ್ಯದ ಕೈ ಸೇರಿತು. ದನಗಳ ಜೊತೆಜೊತೆಗೆ ಸೈನ್ಯದ ಸರಬರಾಜು ಇಲಾಖೆ ಹುಣಸೂರಿನಲ್ಲಿ ದೊಡ್ಡದೊಂದು ತೊಗಲು ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರಮುಟ್ಟಿನ ಯಾರ್ಡು ನಡೆಸುತ್ತಿತ್ತು. ಸಿಪಾಯಿಗಳ ಬೂಟು, ಬೆನ್ನಿಗೆ ಕಟ್ಟುವ ಚೀಲ, ಮದ್ದಿನ ಪಟ್ಟಿಚೀಲಗಳು ಅಲ್ಲಿ ತಯಾರಾಗುತ್ತಿದ್ದವು ಎಂದು ಮೈಸೂರಿನ ಹಳೆಯ ಗೆಜೆಟಿಯರುಗಳು ಬರೆದಿವೆ. 1864ರಲ್ಲಿ ಇವನ್ನೆಲ್ಲ ಮುಚ್ಚಿದರು. ಆದರೆ ಅಲ್ಲಿ ಪಳಗಿದ ಕೈಗಳು ಸುಮ್ಮನೆ ಕೂರಲಿಲ್ಲ, ಹದ ಮಾಡುವ ಮತ್ತು ಬೂಟು ಹೊಲಿಯುವ ಕೆಲಸ ಖಾಸಗಿಯಾಗಿ ಹುಣಸೂರಿನಲ್ಲಿ ಮುಂದುವರಿಯಿತು.

ಹಂಪಾಪುರದ ಯಜಮಾನರ ಮನೆತನಕ್ಕೂ ಆ ಕಾರ್ಖಾನೆಗೂ ನಂಟಿದೆ ಎಂದು ನಾನು ಹೇಳುತ್ತಿಲ್ಲ, ಅವರೂ ಹೇಳಲಿಲ್ಲ. ನಾನು ಹೇಳುವುದು ಇಷ್ಟೇ: ನಾಡಿನ ಈ ಮೂಲೆಯಲ್ಲಿ ತೊಗಲಿನ ಮೇಲೆ ಅಳೆದು ಹೊಲಿಯುವ ವಿದ್ಯೆ ನೂರೈವತ್ತು ವರ್ಷಕ್ಕೂ ಹಿಂದೆ ಸಾವಿರಾರು ಸಿಪಾಯಿಗಳಿಗೆ ಸಾಮಾನು ಒದಗಿಸುವಷ್ಟು ಬೆಳೆದಿತ್ತು. ಇಂದು ಹುಣಸೂರೆಂದರೆ ಜನಕ್ಕೆ ನೆನಪಾಗುವುದು ಹೊಗೆಸೊಪ್ಪು, ದಸರಾ ಆನೆಗಳ ಗಜಪಯಣ ಹೊರಡುವ ವೀರನಹೊಸಹಳ್ಳಿ. ತೊಗಲಿನ ನೆನಪಿಗೆ ಅಲ್ಲೊಂದು ಫಲಕವಿದ್ದರೆ ಚೆನ್ನಾಗಿತ್ತು.

ಹೊತ್ತು ಮಧ್ಯಾಹ್ನ ದಾಟಿತ್ತು. ಮನೆಯಿಂದ ಊಟ ತಂದ ಸೊಸೆ ಊಟದ ಡಬ್ಬಿ ಪಕ್ಕಕ್ಕಿಟ್ಟು ತಾನೇ ಹೊಲಿಗೆಗೆ ಕೂತರು. ಗುರುತು ಹಾಕುವುದು ಮಾವ, ಹೊಲಿಯುವುದು ಬಹುಪಾಲು ಸೊಸೆ. ಹೊಲಿಗೆಯ ಉದ್ದಕ್ಕೆ ನಾಲ್ಕು ಪಟ್ಟು ದಾರ ತೆಗೆದುಕೊಳ್ಳಬೇಕು. ಎರಡು ತುದಿಗೂ ಒಂದೊಂದು ಸೂಜಿ. ಜೇನುಮೇಣದ ಮೇಲೆ ದಾರ ಎಳೆದು, ಬೆಲ್ಟನ್ನು ಮೊಣಕಾಲುಗಳ ನಡುವೆ ಮರದ ಇಕ್ಕಳದಲ್ಲಿ ಸಿಕ್ಕಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು ಸೂಜಿ, ಈ ಕಡೆಯಿಂದ ಒಂದು ಸೂಜಿ. ಎರಡೂ ಕೈ ಅಗಲಕ್ಕೆ ಎಳೆದಾಗ ದಾರ ತೊಗಲೊಳಗೆ ಕೂರುವ ಚಿಟ್ಟೆಂಬ ಸದ್ದು. ಹೀಗೆ ಹೊಲಿದದ್ದರಲ್ಲಿ ಒಂದು ಎಳೆ ತುಂಡಾದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನ ದಾರಕ್ಕೆ ಕೊಕ್ಕೆ ಹಾಕಿ ನಿಂತಿರುತ್ತದೆ, ಒಂದು ಹೋದರೆ ಅಕ್ಕಪಕ್ಕದವೂ ಸಡಿಲ. 27 ಇಂಚಿನ ಒಂದು ಅಂಚಿಗೆ 216 ಹೊಲಿಗೆ, ಎರಡು ಅಂಚಿಗೆ 432. ಹೂವುಗಳ ಲೆಕ್ಕ ಬೇರೆ.

“ನಂಗೆ ಹೊಲಿಯಾಕ್ ಬತ್ತದೆ. ಆದ್ರೆ ಗುರುತ್ ಹಾಕದು ಮಾವನ್ ಥರ ಬರಕಿಲ್ಲ” ಎಂದರು ಸೊಸೆ. ಆ ಮಾತು ಕೇಳಿ ನನಗೆ ನಿಜವಾಗಿಯೂ ಕಳವಳವಾಯಿತು. ಹೊಲಿಗೆ ಕಣ್ಣಿಗೆ ಕಾಣುತ್ತದೆ, ನೋಡಿ ಕಲಿಯಬಹುದು. ಗುರುತು ಹೊಲಿಗೆಯ ಅಡಿಯಲ್ಲಿ ಅಳಿಸಿಹೋಗುತ್ತದೆ. ಯಾರಾದರೂ ಕೂತು ಹೇಳಿಕೊಡದಿದ್ದರೆ ಮುಗಿದ ಬೆಲ್ಟನ್ನು ಎಷ್ಟು ನೋಡಿದರೂ ಅದರ ಲೆಕ್ಕ ತಿಳಿಯುವುದಿಲ್ಲ.

ಗೋಡೆಗೆ ನೇತುಹಾಕಿದ್ದ ಎತ್ತಿನ ಕೊರಳಪಟ್ಟಿಗಳು ಇನ್ನೊಂದು ಲೋಕ. ಮೂರು ನಾಲ್ಕು ಇಂಚು ಅಗಲ, ಹಿತ್ತಾಳೆ ಗುಬುಟು, ಸಾಲುಗೆಜ್ಜೆ, ಕೆಂಪು ಹಳದಿ ಹಸಿರು ದಾರದ ಹೂವು. ಇಲ್ಲಿ ಅಲಂಕಾರದ ಜೊತೆಗೆ ಭಾರದ ಲೆಕ್ಕವೂ ಬರುತ್ತದೆ. ಪಟ್ಟಿಗೆ ಅಡ್ಡಲಾಗಿ, ಅಂಚಿನಿಂದ ಅಂಚಿಗೆ ನೇರವಾಗಿ ತೂತಿನ ಸಾಲು ಬರಲೇಕೂಡದು. ಗೆಜ್ಜೆಯ ಭಾರಕ್ಕೆ ಪಟ್ಟಿ ಸರಿಯಾಗಿ ಆ ಸಾಲಿನಲ್ಲೇ ಕಿತ್ತುಬರುತ್ತದೆ. ಅಡ್ಡ ಹೋಗಬೇಕಾದ ಗೆರೆಯೆಲ್ಲ ಓರೆಯಾಗಿಯೇ ಹೋಗಬೇಕು. ಹಳೆಯ ಪಟ್ಟಿಗಳಲ್ಲಿ ಓರೆ ಚೌಕ, ಹಾವಿನ ನಡೆಯ ಬಳ್ಳಿ, ನಾಗಮುರಿ ಹೆಚ್ಚಾಗಿ ಕಾಣುವುದಕ್ಕೆ ಅಂದದ ಜೊತೆ ಈ ಕಾರಣವೂ ಇದೆ. ಒಳಮೈಗೆ ಕಂಬಳಿಯ ಪದರ ಹೊಲಿಯುತ್ತಾರೆ, ಗಂಟುಗಳು ಎತ್ತಿನ ಕೊರಳನ್ನು ಉಜ್ಜಿ ಹುಣ್ಣು ಮಾಡಬಾರದಲ್ಲ. ನೈಲಾನ್ ದಾರ ಹೊಳೆಯುತ್ತದೆ, ಬಣ್ಣ ಹೋಗುವುದಿಲ್ಲ, ಆದರೆ ಎಳೆತಕ್ಕೆ ಸಿಕ್ಕರೆ ತೊಗಲನ್ನೇ ಕೊಯ್ಯುತ್ತದೆ. ಹತ್ತಿಯ ಹುರಿ ಬಣ್ಣಗೆಟ್ಟರೂ ತೊಗಲಿಗೆ ಕೇಡು ಮಾಡುವುದಿಲ್ಲ. ಇವರು ಇನ್ನೂ ಹತ್ತಿಯನ್ನೇ ಹಿಡಿದಿದ್ದಾರೆ.

ಇವುಗಳಿಗೆ ಗಿರಾಕಿ ಬರುವುದು ಸಂಕ್ರಾಂತಿಯ ಹೊತ್ತಿಗೆ. ಜನವರಿಯಲ್ಲಿ ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ, ಕಾವೇರಿಯ ದಂಡೆಯ ಕೋದಂಡರಾಮನ ಸನ್ನಿಧಿಯಲ್ಲಿ, ದನಗಳ ದೊಡ್ಡ ಜಾತ್ರೆ. ಹಳ್ಳಿಕಾರ್ ಜೋಡಿಗಳಿಗೆ ಪೆಂಡಾಲು ಹಾಕಿ, ವಾದ್ಯ ತರಿಸಿ, ಮೆರವಣಿಗೆ ಮಾಡುವ ರೈತರು ಇನ್ನೂ ಇದ್ದಾರೆ. ಉಳುಮೆಯನ್ನು ಟ್ರ್ಯಾಕ್ಟರು ತೆಗೆದುಕೊಂಡಿತು, ಅಂಥವರ ಅಭಿಮಾನ ಮಾತ್ರ ಎತ್ತಿನ ಮೇಲೆಯೇ ಉಳಿದಿದೆ. ಜೋಡಿಗೆ ಲಕ್ಷಗಟ್ಟಲೆ ಕೊಡುವ ರೈತ ಕೊರಳಪಟ್ಟಿಗೆ ಚೌಕಾಸಿ ಮಾಡುವುದನ್ನು ಮಾತ್ರ ಬಿಟ್ಟಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಖಾರವಾಗುತ್ತದೆ. ನಮ್ಮ ಮದುವೆ ಮನೆಗಳಲ್ಲಿ ಈಗ ಆರಿ ವರ್ಕ್ ರವಿಕೆ ಇಲ್ಲದೆ ಆಗದು. ಸಾವಿರಾರು ರೂಪಾಯಿ ಕೇಳಿದರೂ ಕೊಡುತ್ತೇವೆ, ಕಷ್ಟದ ಕೆಲಸ ಎಂದು ಮೆಚ್ಚುತ್ತೇವೆ. ಆ ಕೊಕ್ಕೆಸೂಜಿಯ ಕಸೂತಿಯನ್ನು ಬೆಳೆಸಿದವರು ಗುಜರಾತಿನ ಕಚ್ಛ್ ಸೀಮೆಯ ಮೋಚಿಗಳು, ತೊಗಲು ಹೊಲಿಯುವ ಕೈಗಳು. ತೊಗಲಿನ ಉಳಿಯ ವಿದ್ಯೆ ರೇಷ್ಮೆಗೆ ದಾಟಿ ಅರಮನೆ ಸೇರಿತು. ಬಟ್ಟೆಯ ಮೇಲೆ ಹೊಲಿದರೆ ಕಲೆ, ತೊಗಲಿನ ಮೇಲೆ ಹೊಲಿದರೆ ರಿಪೇರಿ ಎನ್ನುವ ನಮ್ಮ ಎಣಿಕೆಯಲ್ಲಿ ನ್ಯಾಯವಿಲ್ಲ. ಮೆಕ್ಸಿಕೋ ದೇಶದ ಹಾಲಿಸ್ಕೊ ಪ್ರಾಂತ್ಯದಲ್ಲಿ ಕೊಲೊತ್ಲಾನ್ ಎಂಬ ಊರಿದೆ. ಒಂದು ಬಗೆಯ ಕಾಡುಗಿಡದ ಎಲೆಯ ನಾರಿನಿಂದ ತೊಗಲಿನ ಬೆಲ್ಟಿಗೆ ಹೂವು ಹೊಲಿಯುವುದೇ ಅಲ್ಲಿನ ಹೆಸರುವಾಸಿ ಕೆಲಸ, ಅದನ್ನು ಪಿತೆಯಾದೊ ಎನ್ನುತ್ತಾರೆ. ಅಲ್ಲೂ ಮೊದಲು ತೊಗಲಿನ ಮೇಲೆ ನಕ್ಷೆ, ಆಮೇಲೆ ಉಳಿ, ಕಡೆಗೆ ನಾರು. ಒಂದೊಂದು ಬೆಲ್ಟಿಗೆ ವಾರಗಳು ಹಿಡಿಯುತ್ತವೆ, ಕೊಳ್ಳುವವರು ಅದನ್ನು ಬಲ್ಲರು, ಅದಕ್ಕೆ ತಕ್ಕ ಬೆಲೆ ಕೊಡುತ್ತಾರೆ.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಅಥಣಿ, ನಿಪ್ಪಾಣಿಯ ಕಡೆ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿ ತೋರಿಸಿದಾಗ, ಇದು ನಮ್ಮದು ಎಂದು ಗಟ್ಟಿಯಾಗಿ ಹೇಳಲು ಸಾಧ್ಯವಾದದ್ದು ಆ ಗುರುತಿನ ಬಲದಿಂದ. ಕಂಪನಿ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಳ್ಳಬೇಕಾಯಿತು. ಮೈಸೂರಿನ ರೇಷ್ಮೆಗೆ, ಬೀಟೆಮರದ ಇನ್ಲೇ ಕೆಲಸಕ್ಕೆ, ಗಂಜೀಫಾ ಆಟದ ಎಲೆಗಳಿಗೆ ಅಂಥ ಗುರುತುಗಳಿವೆ. ಆದರೆ ಈ ದಕ್ಷಿಣದ ತಾಲ್ಲೂಕುಗಳ ಎತ್ತಿನ ಪಟ್ಟಿ, ಹೂಬೆಲ್ಟುಗಳ ನಕ್ಷೆಗಳನ್ನು ಕೂಡಿಟ್ಟ ಒಂದು ಪುಸ್ತಕವನ್ನೂ ನಾನು ಕಂಡಿಲ್ಲ.

ರಾಜ್ಯದಲ್ಲಿ 1976ರಿಂದ ಲಿಡ್‌ಕರ್ ಇದೆ, ಡಾ. ಬಾಬು ಜಗಜೀವನ್‌ರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ. ಅದರ ಮಳಿಗೆಗಳಲ್ಲಿ ಒಳ್ಳೆಯ ತೊಗಲಿನ ಬೆಲ್ಟು, ಚಪ್ಪಲಿ, ಚೀಲ ಸಿಗುತ್ತವೆ. ನಟ ಡಾಲಿ ಧನಂಜಯ ಅದರ ರಾಯಭಾರಿಯಾದ ಮೇಲೆ ಹೆಸರೂ ಹೆಚ್ಚು ಜನಕ್ಕೆ ಮುಟ್ಟಿದೆ. ಈ ನಿಗಮ ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಿರಿಯ ಕೈಗಳ ಹತ್ತಿರ ಎಳೆಯರನ್ನು ಕೂರಿಸಿ, ಹೊಲಿಗೆಗಿಂತ ಮೊದಲು ಗುರುತು ಹಾಕುವುದನ್ನೇ ಒಂದು ಪಾಠವಾಗಿ ಕಲಿಸಬೇಕು. ಎಕ್ಸ್‌ರೇ ಹಾಳೆಯ ಅಚ್ಚುಗಳನ್ನು ಕಾಗದಕ್ಕೆ ಇಳಿಸಿ, ಅಳತೆ ಸಹಿತ ಮುದ್ರಿಸಬೇಕು. ಇದಕ್ಕೆ ದೊಡ್ಡ ಕಟ್ಟಡ ಬೇಡ, ಯಂತ್ರವೂ ಬೇಡ. ಕೂತು ಕಲಿಯುವವರಿಗೆ ದಿನಗೂಲಿಯಷ್ಟು ಭತ್ಯೆ, ಕಲಿಸುವವರಿಗೆ ಗುರುವಿನ ಗೌರವಧನ ಸಾಕು. ಸೊಸೆಯಂಥವರು ಕಲಿಯಲು ತಯಾರಿದ್ದಾರೆ, ಕಲಿಸುವವರು ಇನ್ನೂ ಬದುಕಿದ್ದಾರೆ.

ಹಂಪಾಪುರದ ಕಡೆ ಹೋಗುವವರಿಗೆ, ಅಥವಾ ನಿಮ್ಮದೇ ಊರಿನ ತೊಗಲಿನವರ ಹತ್ತಿರ ಹೂಬೆಲ್ಟು ಹೇಳುವವರಿಗೆ ಒಂದೆರಡು ಮಾತು. ಪ್ಯಾಂಟಿನ ನಂಬರು ಹೇಳಬೇಡಿ, ಅದು ಬೆಲ್ಟಿನ ಅಳತೆಯಲ್ಲ. ಈಗ ತೊಡುತ್ತಿರುವ ಬೆಲ್ಟನ್ನೇ ಒಯ್ಯಿರಿ. ಬಕಲ್ಲಿನ ಮಡಿಕೆಯಿಂದ ದಿನವೂ ಹಾಕುವ ತೂತಿನವರೆಗೆ ಅವರೇ ಅಳೆದುಕೊಳ್ಳಲಿ. ಕ್ರೋಮು ತೊಗಲು ಬೇಡ, ತೊಗಟೆಯಲ್ಲಿ ಹದ ಮಾಡಿದ್ದು ಕೇಳಿ. ಗುರುತು ಹಾಕಿದ ಮೇಲೆ, ಹೊಲಿಯುವ ಮುನ್ನ, ಒಮ್ಮೆ ಹೋಗಿ ನೋಡಿಬನ್ನಿ. ಆ ಅರ್ಧ ದಿನದ ಕೂಲಿಯನ್ನೂ ಬೆಲೆಗೆ ಸೇರಿಸಿ ಕೊಡಿ. ಎತ್ತಿನ ಪಟ್ಟಿ ಚುಂಚನಕಟ್ಟೆ ಜಾತ್ರೆಗೆ ಬೇಕೆಂದರೆ ದೀಪಾವಳಿಯ ಹೊತ್ತಿಗೇ ಹೇಳಿಡಬೇಕು.